ಎಕ್ಸ್‌ಪೈರಿ ಮುಗಿದ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಬಹುದೇ?

ಕಪಾಟು ಸ್ವಚ್ಛ ಮಾಡುವಾಗ ಹಳೆಯ ಲೆನ್ಸ್ ಡಬ್ಬಿಯೊಂದು ಸಿಗುತ್ತದೆ. ಒಳಗೆ ಇನ್ನೂ ಮೂರು ಲೆನ್ಸ್‌ಗಳಿವೆ, ಯಾವುದರ ಸೀಲನ್ನೂ ಒಡೆದಿಲ್ಲ. ಬೆಳಕಿಗೆ ಹಿಡಿದರೆ ದ್ರಾವಣ ತಿಳಿಯಾಗಿದೆ, ಲೆನ್ಸ್ ಅದರಲ್ಲಿ ಹಾಯಾಗಿ ತೇಲುತ್ತಿದೆ. ಆದರೆ ಡಬ್ಬಿಯ ಮೇಲಿನ ತಾರೀಖು ಮುಗಿದು ನಾಲ್ಕು ತಿಂಗಳಾಗಿದೆ. ಎಸೆಯಲು ಮನಸ್ಸು ಬರುವುದಿಲ್ಲ. ದುಡ್ಡು ಕೊಟ್ಟು ತಂದದ್ದು, ಮುಟ್ಟಿಯೂ ಇಲ್ಲ.

ಕಳೆದ ವರ್ಷ ಇದೇ ಪ್ರಶ್ನೆಯನ್ನು ನನ್ನ ಚಿಕ್ಕಮ್ಮನ ಮಗಳು ಹೈದರಾಬಾದ್‌ನಿಂದ ಫೋನ್ ಮಾಡಿ ಕೇಳಿದಳು. ಮರುದಿನ ಗೆಳತಿಯ ನಿಶ್ಚಿತಾರ್ಥ, ಕನ್ನಡಕ ಹಾಕಿಕೊಂಡು ಫೋಟೋಗೆ ನಿಲ್ಲಲು ಅವಳಿಗೆ ಇಷ್ಟವಿಲ್ಲ. “ಅಕ್ಕಾ, ಮಾತ್ರೆ ಆದರೆ ಎಕ್ಸ್‌ಪೈರಿ ಆಗಿ ಒಂದೆರಡು ತಿಂಗಳಾದರೂ ಏನೂ ಆಗಲ್ಲ ಅಂತಾರಲ್ಲ, ಇದು ಬರೀ ಪ್ಲಾಸ್ಟಿಕ್ ತಾನೆ?” ಎಂದಳು. ಬೇಡ ಎಂದೆ. ಯಾಕೆ ಎಂದು ಫೋನಿನಲ್ಲಿ ಸರಿಯಾಗಿ ವಿವರಿಸಲು ಆಗಲಿಲ್ಲ. ಇಲ್ಲಿ ಪ್ರಯತ್ನಿಸುತ್ತೇನೆ.

ಚುಟುಕಾಗಿ ಹೇಳುವುದಾದರೆ, ತಾರೀಖು ಮುಗಿದ ಲೆನ್ಸ್ ಅನ್ನು ಸೀಲ್ ಒಡೆಯದೆ ಇದ್ದರೂ ಹಾಕಿಕೊಳ್ಳಬಾರದು. ಹಾಗೆಂದು ತಾರೀಖಿನ ಮರುದಿನವೇ ಲೆನ್ಸ್ ವಿಷವಾಗಿಬಿಡುವುದಿಲ್ಲ. ಆ ತಾರೀಖು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ತಿಳಿದುಕೊಂಡರೆ ನಿಮ್ಮ ಮನೆಯಲ್ಲಿರುವ ಡಬ್ಬಿ, ಬಾಟಲಿ, ಕೇಸ್ ಇವುಗಳ ಬಗ್ಗೆ ನೀವೇ ನಿರ್ಧಾರ ಮಾಡಬಹುದು.

ಒಂದೇ ಪದ, ಮೂರು ಲೆಕ್ಕ

ನಾನು ಫಾರ್ಮಸಿ ಓದಿದವಳು. ಈಗ ಔಷಧಗಳ ಮಾಹಿತಿ ಪತ್ರಗಳನ್ನು ಕನ್ನಡಕ್ಕೆ ಅನುವಾದಿಸುವ ಕೆಲಸವನ್ನೂ ಮಾಡುತ್ತೇನೆ. ಲೆನ್ಸ್ ವಿಷಯದಲ್ಲಿ ನಮ್ಮ ಭಾಷೆಯ ‘ಅವಧಿ’ ಎಂಬ ಒಂದು ಪದ ತುಂಬ ತೊಂದರೆ ಕೊಡುತ್ತದೆ. “ಲೆನ್ಸ್ ಅವಧಿ ಮುಗಿದಿದೆ” ಎಂದರೆ ಯಾವ ಅವಧಿ? ಡಬ್ಬಿಯ ಮೇಲಿನ ತಾರೀಖೋ, ಸೀಲ್ ಒಡೆದ ಮೇಲೆ ಬಳಸಬಹುದಾದ ದಿನಗಳೋ, ಲೆನ್ಸ್ ನೆನೆಸಿಡುವ ದ್ರಾವಣದ ದಿನಗಳೋ? ಮೂರೂ ಬೇರೆ ಬೇರೆ. ಬಹಳಷ್ಟು ಜನ ಮೊದಲನೆಯದನ್ನು ಮಾತ್ರ ನೋಡುತ್ತಾರೆ. “2028ರವರೆಗೆ ಡೇಟ್ ಇದೆ” ಎಂದುಕೊಂಡು ತಿಂಗಳ ಲೆನ್ಸ್ ಅನ್ನು ಆರು ತಿಂಗಳು ಹಾಕಿಕೊಂಡವರನ್ನು ನಾನು ನೋಡಿದ್ದೇನೆ. ಅವರು ಓದು ಬಾರದವರಲ್ಲ, ಇಂಜಿನಿಯರ್‌ಗಳು.

ಕಣ್ಣಿನ ಹನಿ ಔಷಧಿಯನ್ನು ನೆನಪಿಸಿಕೊಳ್ಳಿ, ಸುಲಭವಾಗುತ್ತದೆ. ಅದರ ಬಾಟಲಿಯ ಮೇಲೆ ಎಕ್ಸ್‌ಪೈರಿ ಇನ್ನೂ ಒಂದೂವರೆ ವರ್ಷ ದೂರವಿರುತ್ತದೆ. ಅದರ ಪಕ್ಕದಲ್ಲೇ, ತೆರೆದ ಮೇಲೆ ಒಂದು ತಿಂಗಳೊಳಗೆ ಬಳಸಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಮುಚ್ಚಿದ್ದಾಗ ಒಂದು ಲೆಕ್ಕ, ತೆರೆದ ಮೇಲೆ ಇನ್ನೊಂದು ಲೆಕ್ಕ. ಲೆನ್ಸ್‌ಗೂ ಹೀಗೆಯೇ.

ಡಬ್ಬಿಯ ಮೇಲಿನ ತಾರೀಖು ಏನು ಹೇಳುತ್ತದೆ

ಮೆದು ಲೆನ್ಸ್‌ಗಳು ಸಾಮಾನ್ಯವಾಗಿ ಒಂದು ಪುಟ್ಟ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಬರುತ್ತವೆ. ಮೇಲೆ ಫಾಯಿಲ್ ಅಂಟಿಸಿರುತ್ತಾರೆ. ಒಳಗಿರುವುದು ಕಣ್ಣೀರಿನಷ್ಟೇ ಉಪ್ಪಿರುವ, ಆಮ್ಲ-ಕ್ಷಾರದ ಪ್ರಮಾಣ ಏರುಪೇರಾಗದಂತೆ ತಯಾರಿಸಿದ ನೀರು. ಬಟ್ಟಲನ್ನು ಮುಚ್ಚಿದ ಮೇಲೆ ಲೆನ್ಸ್ ಸಮೇತ ಬಿಸಿ ಹಬೆಯಲ್ಲಿ, ಸಾಮಾನ್ಯವಾಗಿ 121 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಕ್ರಿಮಿಶುದ್ಧಿ ಮಾಡುತ್ತಾರೆ. ಆ ಕ್ಷಣದಿಂದ ಒಳಗೆ ಒಂದು ಜೀವಾಣುವೂ ಇರುವುದಿಲ್ಲ. ಅದು ಹಾಗೆಯೇ ಉಳಿಯುವುದು ಫಾಯಿಲ್ ಮತ್ತು ಪ್ಲಾಸ್ಟಿಕ್ ಸೇರುವ ಆ ತೆಳುವಾದ ಅಂಚು ಗಟ್ಟಿಯಾಗಿರುವವರೆಗೆ.

ತಯಾರಕರು ಇಂಥ ಬಟ್ಟಲುಗಳನ್ನು ವರ್ಷಗಟ್ಟಲೆ ಇಟ್ಟು ನೋಡುತ್ತಾರೆ. ಬೇಗ ಹಳೆಯದಾಗಲೆಂದು ಹೆಚ್ಚಿನ ಬಿಸಿಯಲ್ಲೂ ಇಡುತ್ತಾರೆ. ನಿಗದಿತ ಸಮಯದ ನಂತರ ತೆಗೆದು, ಒಳಗೆ ಇನ್ನೂ ಶುದ್ಧವಾಗಿದೆಯೇ, ಸೀಲ್ ಬಿಟ್ಟುಕೊಂಡಿಲ್ಲವೇ, ಲೆನ್ಸ್‌ನ ಪವರ್, ವಕ್ರತೆ, ಅಗಲ ಮೊದಲಿನಂತೆಯೇ ಇವೆಯೇ ಎಂದು ಪರೀಕ್ಷಿಸುತ್ತಾರೆ. ಎಷ್ಟು ಕಾಲದವರೆಗೆ ಎಲ್ಲವೂ ಸರಿಯಿದೆ ಎಂದು ತೋರಿಸಬಲ್ಲರೋ ಅದರ ಆಧಾರದ ಮೇಲೆ ತಾರೀಖು ಹಾಕುತ್ತಾರೆ. ಹಾಗಾಗಿ ಆ ತಾರೀಖು ಲೆನ್ಸ್ ‘ಸಾಯುವ’ ದಿನವಲ್ಲ. ಆ ದಿನದವರೆಗೆ ನಮ್ಮ ಜವಾಬ್ದಾರಿ ಎಂದು ಕಂಪನಿ ಬರೆದುಕೊಟ್ಟ ಮಾತು. ಅದರ ನಂತರ ಆ ಬಟ್ಟಲಿನೊಳಗೆ ಏನಿದೆ ಎಂದು ಯಾರೂ ಖಾತ್ರಿ ಕೊಡುವುದಿಲ್ಲ, ತಯಾರಿಸಿದವರೂ ಸಹ.

ನನ್ನ ತಂಗಿಯ ಮಾತ್ರೆಯ ಹೋಲಿಕೆ ಸರಿಹೋಗದಿರುವುದು ಇಲ್ಲಿಯೇ. ಹಳೆಯ ಮಾತ್ರೆ ನುಂಗುವುದನ್ನೂ ನಾನು ಒಪ್ಪುವುದಿಲ್ಲ, ಆದರೆ ಅಲ್ಲಿ ಸಾಮಾನ್ಯವಾಗಿ ಆಗುವುದು ಔಷಧದ ಶಕ್ತಿ ನಿಧಾನವಾಗಿ ಕುಂದುವುದು. ಹೊಟ್ಟೆಯಲ್ಲಿ ಆಮ್ಲವಿದೆ, ಅಲ್ಪಸ್ವಲ್ಪ ಕ್ರಿಮಿಗಳನ್ನು ಅದು ನಿಭಾಯಿಸುತ್ತದೆ. ಲೆನ್ಸ್ ಹೋಗುವುದು ಹೊಟ್ಟೆಗಲ್ಲ. ಅಲ್ಲಿ ಮುಖ್ಯ ಪ್ರಶ್ನೆ ಶಕ್ತಿಯದ್ದಲ್ಲ, ಶುದ್ಧತೆಯದ್ದು.

“ಬರೀ ಪ್ಲಾಸ್ಟಿಕ್” ಎಂಬ ಮಾತೂ ಪೂರ್ತಿ ನಿಜವಲ್ಲ. ಜೆಕ್ ರಸಾಯನಶಾಸ್ತ್ರಜ್ಞ ಒಟ್ಟೊ ವಿಕ್ಟರ್ಲೆ 1961ರಲ್ಲಿ ತಮ್ಮ ಮನೆಯಲ್ಲೇ ಮಕ್ಕಳ ಆಟಿಕೆಯ ಭಾಗಗಳಿಂದ ಯಂತ್ರ ಜೋಡಿಸಿ ಮೊದಲ ಮೆದು ಲೆನ್ಸ್‌ಗಳನ್ನು ಮಾಡಿದಾಗ ಬಳಸಿದ್ದು ನೀರು ಹೀರಿಕೊಳ್ಳುವ ವಸ್ತುವನ್ನು. ಇಂದಿನ ಮೆದು ಲೆನ್ಸ್‌ಗಳೂ ಅದೇ ಜಾತಿಯವು. ಕೆಲವು ಲೆನ್ಸ್‌ಗಳ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಸ್ಪಂಜಿನಂತೆ ಅದು ತಾನು ನೆನೆದಿರುವ ನೀರಿಗೆ ತಕ್ಕಂತೆ ಬದಲಾಗುತ್ತದೆ. ಪ್ಲಾಸ್ಟಿಕ್ ಬಟ್ಟಲಿನ ಮೂಲಕ ವರ್ಷಗಳ ಕಾಲ ನೀರು ಬಹಳ ನಿಧಾನವಾಗಿ ಆವಿಯಾಗಿ ಹೊರಹೋಗುತ್ತದೆ. ಒಳಗೆ ಉಳಿದ ನೀರಿನಲ್ಲಿ ಉಪ್ಪಿನ ಪ್ರಮಾಣ ಏರುತ್ತದೆ. ಲೆನ್ಸ್ ಸ್ವಲ್ಪ ಕುಗ್ಗಬಹುದು, ಕಣ್ಣಿಗೆ ಬಿಗಿಯಾಗಬಹುದು, ಹಾಕಿದೊಡನೆ ಉರಿಯಬಹುದು. ಉರಿದರೆ ಒಳ್ಳೆಯದೇ, ತೆಗೆದು ಹಾಕುತ್ತೀರಿ. ಸೀಲ್‌ನ ಅಂಚಿನಲ್ಲಿ ಕೂದಲೆಳೆಯಷ್ಟು ದಾರಿಯಾಗಿ ಒಳಗೆ ಬ್ಯಾಕ್ಟೀರಿಯಾ ಸೇರಿದ್ದರೆ ಏನೂ ಉರಿಯುವುದಿಲ್ಲ, ನೀರು ಕಲಕಿದಂತೆಯೂ ಕಾಣುವುದಿಲ್ಲ. ನೀರು ಮಬ್ಬಾಗಿ ಕಾಣಬೇಕಾದರೆ ಅದರಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಇರಬೇಕು. ಬೆಳಕಿಗೆ ಹಿಡಿದು ನೋಡಿ ಚೆನ್ನಾಗಿದೆ ಎನ್ನುವುದಕ್ಕೆ ಅರ್ಥವಿಲ್ಲ.

ತಾರೀಖು ಓದುವುದು ಹೇಗೆ? ಹೆಚ್ಚಿನ ಡಬ್ಬಿಗಳ ಮೇಲೆ ಮರಳು ಗಡಿಯಾರದ ಪುಟ್ಟ ಚಿತ್ರವಿರುತ್ತದೆ, ಅಥವಾ ಎಕ್ಸ್‌ಪಿ ಎಂದಿರುತ್ತದೆ. ಪಕ್ಕದಲ್ಲಿ 2027-04 ಎಂದಿದ್ದರೆ 2027ರ ಏಪ್ರಿಲ್ ಕೊನೆಯ ದಿನದವರೆಗೆ ಎಂದರ್ಥ. ಇದೇ ತಾರೀಖನ್ನು ಪ್ರತಿ ಬಟ್ಟಲಿನ ಫಾಯಿಲ್ ಮೇಲೂ ಮುದ್ರಿಸಿರುತ್ತಾರೆ. ಡಬ್ಬಿ ಎಸೆದು ಬರೀ ಬಟ್ಟಲುಗಳನ್ನು ಪರ್ಸಿನಲ್ಲಿ ಇಟ್ಟುಕೊಳ್ಳುವವರು ಇದನ್ನು ಗಮನಿಸಿ. ಪರ್ಸಿನಲ್ಲಿ ಉಜ್ಜಿ ಅಕ್ಷರ ಅಳಿಸಿಹೋಗಿದ್ದರೆ, ತಾರೀಖು ಗೊತ್ತಿಲ್ಲದ ಲೆನ್ಸ್ ಅನ್ನು ತಾರೀಖು ಮುಗಿದದ್ದೆಂದೇ ಎಣಿಸಿ.

ಇನ್ನೊಂದು ಮಾತು. ಎಕ್ಸ್‌ಪೈರಿ ಆಗಿರುವ ಡಬ್ಬಿ ಎಂದರೆ ನೀವು ಅದನ್ನು ಕೊಂಡು ಬಹಳ ಕಾಲವಾಗಿದೆ. ಹೊಸ ಡಬ್ಬಿಗೆ ಸಾಮಾನ್ಯವಾಗಿ ಕೆಲವು ವರ್ಷಗಳ ಅವಕಾಶ ಇರುತ್ತದೆ. ಅಷ್ಟರಲ್ಲಿ ನಿಮ್ಮ ಕಣ್ಣಿನ ಪವರ್ ಬದಲಾಗಿರುವ ಸಾಧ್ಯತೆ ಇದೆ. ಲೆನ್ಸ್ ಹಾಕುವವರು ವರ್ಷಕ್ಕೊಮ್ಮೆಯಾದರೂ ಕಣ್ಣು ತೋರಿಸಿಕೊಳ್ಳಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಆ ಡಬ್ಬಿಯನ್ನು ಎಸೆಯುವಾಗ ದುಡ್ಡು ಹೋಯಿತೆಂದು ಬಹಳ ಬೇಸರ ಪಡಬೇಕಿಲ್ಲ, ಆ ನಂಬರ್ ಈಗ ನಿಮ್ಮದಲ್ಲದೆಯೂ ಇರಬಹುದು.

ಕಣ್ಣಿನ ಯಾವ ಭಾಗಕ್ಕೆ ಅಪಾಯ

ಲೆನ್ಸ್ ಕೂರುವುದು ಕಾರ್ನಿಯಾದ ಮೇಲೆ, ಅಂದರೆ ಕಣ್ಣಿನ ಕಪ್ಪು ಭಾಗವನ್ನು ಮುಚ್ಚಿರುವ ಪಾರದರ್ಶಕ ಪದರದ ಮೇಲೆ. (ಇದನ್ನು ‘ಪೊರೆ’ ಎಂದು ಅನುವಾದಿಸಿದರೆ ಓದುವವರು ಕ್ಯಾಟರ್ಯಾಕ್ಟ್ ಎಂದುಕೊಳ್ಳುತ್ತಾರೆ, ಆದ್ದರಿಂದ ನಾನು ಕಾರ್ನಿಯಾ ಎಂದೇ ಬರೆಯುತ್ತೇನೆ.) ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬೆಳಕು ಅಡ್ಡಿಯಿಲ್ಲದೆ ಒಳಗೆ ಹೋಗಬೇಕಾದ್ದರಿಂದ ಆರೋಗ್ಯವಂತ ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಅದು ಆಮ್ಲಜನಕವನ್ನು ಹೆಚ್ಚಾಗಿ ಗಾಳಿಯಿಂದ, ಕಣ್ಣೀರಿನ ಮೂಲಕ ಪಡೆಯುತ್ತದೆ. ಕಣ್ಣು ಪಿಳುಕಿಸಿದಾಗಲೆಲ್ಲ ಕಣ್ಣೀರು ಅದನ್ನು ತೊಳೆಯುತ್ತಿರುತ್ತದೆ.

ಲೆನ್ಸ್ ಹಾಕಿದಾಗ ಗಾಳಿಯೂ ಕಡಿಮೆಯಾಗುತ್ತದೆ, ತೊಳೆಯುವುದೂ ಕಡಿಮೆಯಾಗುತ್ತದೆ. ಶುದ್ಧವಾದ, ಸರಿಯಾಗಿ ಕೂರುವ ಲೆನ್ಸ್ ಆದರೆ ಆರೋಗ್ಯವಂತ ಕಣ್ಣು ಇದನ್ನು ತಡೆದುಕೊಳ್ಳುತ್ತದೆ, ಕೋಟ್ಯಂತರ ಜನ ನೆಮ್ಮದಿಯಿಂದ ಲೆನ್ಸ್ ಹಾಕುತ್ತಿರುವುದು ಇದರಿಂದಲೇ. ಆದರೆ ಕ್ರಿಮಿಯಿರುವ ಲೆನ್ಸ್ ಹಾಕಿದರೆ, ಕ್ರಿಮಿಗಳನ್ನು ಕಾರ್ನಿಯಾದ ಮೇಲಿಟ್ಟು ಮುಚ್ಚಳ ಹಾಕಿದಂತಾಗುತ್ತದೆ. ಮೇಲ್ಪದರದಲ್ಲಿ ಸಣ್ಣ ಗೀರು ಇದ್ದರೆ ಸಾಕು, ಅವು ಒಳಗೆ ಇಳಿಯುತ್ತವೆ. ಇದನ್ನು ವೈದ್ಯರು ಕೆರಟೈಟಿಸ್ ಎನ್ನುತ್ತಾರೆ, ಕಾರ್ನಿಯಾದ ಹುಣ್ಣು ಎಂದರೂ ಸರಿಯೇ. ಲೆನ್ಸ್ ಹಾಕುವವರಲ್ಲಿ ಇದಕ್ಕೆ ಹೆಚ್ಚಾಗಿ ಕಾರಣವಾಗುವ ಬ್ಯಾಕ್ಟೀರಿಯಾ ಸ್ಯೂಡೋಮೊನಾಸ್. ತೇವವಿರುವ ಕಡೆಯೆಲ್ಲ, ಬಚ್ಚಲಿನ ಸಿಂಕಿನಲ್ಲಿ, ಒದ್ದೆ ಲೆನ್ಸ್ ಕೇಸಿನಲ್ಲಿ ಅದು ಬದುಕುತ್ತದೆ. ಒಂದೆರಡು ದಿನಗಳಲ್ಲೇ ಕಾರ್ನಿಯಾವನ್ನು ಕರಗಿಸಬಲ್ಲದು. ವಾಸಿಯಾದ ಮೇಲೂ ಅಲ್ಲಿ ಬಿಳಿ ಕಲೆ ಉಳಿಯಬಹುದು. ಆ ಕಲೆ ನಡುವೆ ಬಂದರೆ ಕನ್ನಡಕದಿಂದಲೂ ದೃಷ್ಟಿ ಪೂರ್ತಿ ಸರಿಹೋಗುವುದಿಲ್ಲ, ಕೆಲವರಿಗೆ ದಾನವಾಗಿ ಬಂದ ಕಾರ್ನಿಯಾ ಕಸಿ ಮಾಡಬೇಕಾಗುತ್ತದೆ.

ಇದು ಎಲ್ಲರಿಗೂ ಆಗುವುದಿಲ್ಲ, ಅಪರೂಪವೇ. ಹಳೆಯ ಲೆನ್ಸ್ ಹಾಕಿಕೊಂಡು ಏನೂ ಆಗದವರು ನಿಮ್ಮ ಪರಿಚಯದಲ್ಲೇ ಇರಬಹುದು. ಆದರೆ ಒಂದು ಕಡೆ ಒಂದು ಲೆನ್ಸ್‌ನ ಬೆಲೆ, ಇನ್ನೊಂದು ಕಡೆ ಒಂದು ಕಣ್ಣು. ಈ ಲೆಕ್ಕದಲ್ಲಿ ಅಪರೂಪ ಎಂಬ ಮಾತು ನನಗೆ ಧೈರ್ಯ ಕೊಡುವುದಿಲ್ಲ.

ಸೀಲ್ ಒಡೆದ ಮೇಲಿನ ದಿನಗಳು

ನಿಜ ಹೇಳಬೇಕೆಂದರೆ, ಡಬ್ಬಿಯ ತಾರೀಖಿಗಿಂತ ಹೆಚ್ಚು ಜನ ಎಡವುವುದು ಇಲ್ಲಿ. ದಿನದ ಲೆನ್ಸ್ ಅನ್ನು ಬೆಳಿಗ್ಗೆ ಹಾಕಿ ರಾತ್ರಿ ಎಸೆಯಬೇಕು. ಅದನ್ನು ತೊಳೆದಿಟ್ಟು ನಾಳೆ ಹಾಕುವಂತಿಲ್ಲ, ಆ ವಸ್ತುವನ್ನು ಮಾಡಿರುವುದೇ ಹಾಗೆ. ಹದಿನೈದು ದಿನದ್ದು, ತಿಂಗಳದ್ದು ಬೇರೆ. ನಮ್ಮಲ್ಲಿ ಈಗಲೂ ವರ್ಷದ ಲೆನ್ಸ್ ಸಿಗುತ್ತದೆ, ಲೋಹದ ಮುಚ್ಚಳ ಬಿಗಿದ ಪುಟ್ಟ ಗಾಜಿನ ಸೀಸೆಯಲ್ಲಿ.

ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: “ತಿಂಗಳ ಲೆನ್ಸ್ ಅನ್ನು ನಾನು ವಾರಕ್ಕೆ ಎರಡು ದಿನ ಮಾತ್ರ ಹಾಕುತ್ತೇನೆ. 30 ಸಲ ಹಾಕಬಹುದಲ್ಲ?” ಇಲ್ಲ. ಲೆಕ್ಕ ಶುರುವಾಗುವುದು ಫಾಯಿಲ್ ತೆರೆದ ದಿನದಿಂದ, ಹಾಕಿದ ಸಲಗಳಿಂದ ಅಲ್ಲ. ತೆರೆದ ದಿನ ಬಟ್ಟಲೊಳಗಿನ ಶುದ್ಧತೆ ಮುಗಿಯಿತು. ಅಲ್ಲಿಂದ ಮುಂದೆ ಕಣ್ಣೀರಿನ ಪ್ರೋಟೀನ್, ಕೊಬ್ಬು, ನಿಮ್ಮ ಬೆರಳಿನ ಕೊಳೆ ಅದರ ಮೇಲೆ ಕೂರುತ್ತಾ ಹೋಗುತ್ತವೆ. ನೀವು ಹಾಕದ ದಿನವೂ ಅದು ಕೇಸಿನಲ್ಲಿ ಒದ್ದೆಯಾಗಿಯೇ ಇರುತ್ತದೆ. ಅಪರೂಪಕ್ಕೆ, ಮದುವೆ ಮುಂಜಿಗೆ ಮಾತ್ರ ಹಾಕುವವರಿಗೆ ದಿನದ ಲೆನ್ಸ್ ಸರಿ. ಒಂದರ ಬೆಲೆ ಹೆಚ್ಚೆನಿಸಿದರೂ ವರ್ಷದ ಲೆಕ್ಕದಲ್ಲಿ ಅಗ್ಗವಾಗಬಹುದು, ದ್ರಾವಣದ ಖರ್ಚೂ ಇಲ್ಲ.

ಮುಂಬೈ, ಪುಣೆ, ಚೆನ್ನೈಗಳಲ್ಲಿ ಕನ್ನಡಕದ ಅಂಗಡಿಗೆ ಹೋದಾಗ ಅಂಗಡಿಯವರ ಭಾಷೆ ನಮಗೆ ಅರ್ಧ, ನಮ್ಮದು ಅವರಿಗೆ ಅರ್ಧ. “ಒಂದು ವರ್ಷ ಬರುತ್ತೆ” ಎಂದರೆ ವರ್ಷದ ಲೆನ್ಸ್ ಎಂದೋ, ಎಕ್ಸ್‌ಪೈರಿಗೆ ಒಂದು ವರ್ಷವಿದೆ ಎಂದೋ, ಡಬ್ಬಿಯಲ್ಲಿರುವ ಲೆನ್ಸ್‌ಗಳು ವರ್ಷಕ್ಕೆ ಸಾಕು ಎಂದೋ ತಿಳಿಯುವುದಿಲ್ಲ. ನನ್ನ ಸಲಹೆ: ಪೆನ್ನು ಕೊಟ್ಟು, “ಒಂದು ಜೊತೆ ತೆರೆದ ಮೇಲೆ ಎಷ್ಟು ದಿನಕ್ಕೆ ಎಸೆಯಬೇಕು, ಡಬ್ಬಿಯ ಮೇಲೆ ಬರೆದುಕೊಡಿ” ಎಂದು ಕೇಳಿ. ಅಂಕಿಗೆ ಭಾಷೆಯ ಹಂಗಿಲ್ಲ. ತೆರೆದ ದಿನ ನೀವೇ ಫೋನಿನಲ್ಲಿ ನೆನಪಿನ ಗಂಟೆ ಇಟ್ಟುಕೊಳ್ಳಿ.

ಆನ್‌ಲೈನ್‌ನಲ್ಲಿ ಭಾರಿ ರಿಯಾಯಿತಿಯಲ್ಲಿ ಸಿಗುವ ಡಬ್ಬಿಗಳ ತಾರೀಖನ್ನು ಪಾರ್ಸೆಲ್ ಬಂದ ದಿನವೇ ನೋಡಿ. ಆರು ಲೆನ್ಸ್‌ಗಳ ತಿಂಗಳ ಡಬ್ಬಿ ಒಂದು ಕಣ್ಣಿಗೆ ಆರು ತಿಂಗಳು ಬರುತ್ತದೆ. ನಾಲ್ಕು ತಿಂಗಳಲ್ಲಿ ತಾರೀಖು ಮುಗಿಯುವಂತಿದ್ದರೆ ಕೊನೆಯವು ವ್ಯರ್ಥ, ವಾಪಸ್ ಕೊಡಿ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ತಾರೀಖು, ಲಾಟ್ ಸಂಖ್ಯೆ, ತಯಾರಕರ ಅಥವಾ ಆಮದುದಾರರ ಹೆಸರು ಇಲ್ಲದ ಡಬ್ಬಿಯನ್ನು ಯಾವ ಬೆಲೆಗೂ ಕೊಳ್ಳಬೇಡಿ. ಬಣ್ಣದ ಲೆನ್ಸ್‌ಗೂ ಇದೇ ನಿಯಮ. ಪವರ್ ಇಲ್ಲದಿದ್ದರೇನಂತೆ, ಅದೂ ಕಾರ್ನಿಯಾದ ಮೇಲೆಯೇ ಕೂರುವುದು. ಮೇಕಪ್‌ನವರ ಪೆಟ್ಟಿಗೆಯಿಂದ ತೆಗೆದುಕೊಟ್ಟ ಬಣ್ಣದ ಲೆನ್ಸ್ ಅನ್ನು ಮದುಮಗಳು ಹಾಕಿಕೊಳ್ಳುವುದನ್ನು ನೋಡಿದಾಗ ನನಗೆ ಮೈ ಜುಮ್ಮೆನ್ನುತ್ತದೆ. ಅದು ಎಂದು ತೆರೆದದ್ದು, ಹಿಂದೆ ಯಾರ ಕಣ್ಣಿನಲ್ಲಿತ್ತು ಎಂದು ಕೇಳಲು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ದ್ರಾವಣಕ್ಕೂ ಮುಗಿತಾಯ ಉಂಟು

ಬಾಟಲಿಯ ಮೇಲೂ ಎರಡು ಲೆಕ್ಕ. ಮುಚ್ಚಿದ್ದಾಗಿನ ಎಕ್ಸ್‌ಪೈರಿ ಒಂದು. ತೆರೆದ ಮೇಲೆ ಹಲವು ದ್ರಾವಣಗಳಿಗೆ 90 ದಿನ, ಕೆಲವಕ್ಕೆ ಇನ್ನೂ ಕಡಿಮೆ. ನಿಮ್ಮ ಬಾಟಲಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟೇ. ಇದರಲ್ಲಿರುವ ಕ್ರಿಮಿನಾಶಕದ ಪ್ರಮಾಣ ಬಹಳ ಕಡಿಮೆ, ಏಕೆಂದರೆ ಅದು ಕಣ್ಣಿಗೆ ತಾಗುತ್ತದೆ. ಕ್ರಿಮಿಗಳನ್ನು ಕೊಲ್ಲಲು ಸಾಕಾಗಬೇಕು, ಕಣ್ಣಿಗೆ ಸುಡಬಾರದು, ಅಷ್ಟು ಕಿರಿದಾದ ದಾರಿ. ಹಾಗಾಗಿ ಸ್ವಲ್ಪ ಶಕ್ತಿ ಕುಂದಿದರೂ ಅದು ಹೆಚ್ಚುಕಡಿಮೆ ಉಪ್ಪುನೀರೇ.

ಇದಕ್ಕೆ 2006ರ ಒಂದು ಘಟನೆ ಸಾಕ್ಷಿ. ಸಿಂಗಪುರ, ಹಾಂಗ್‌ಕಾಂಗ್, ಆಮೇಲೆ ಅಮೆರಿಕದಲ್ಲಿ ಲೆನ್ಸ್ ಹಾಕುವ ಆರೋಗ್ಯವಂತರಿಗೆ ಫ್ಯುಸೇರಿಯಮ್ ಎಂಬ ಶಿಲೀಂಧ್ರದಿಂದ ಕಾರ್ನಿಯಾ ಹುಣ್ಣಾಗತೊಡಗಿತು. ಅಮೆರಿಕದಲ್ಲಿ ಖಚಿತಪಟ್ಟ 164 ಪ್ರಕರಣಗಳನ್ನು ತನಿಖೆ ಮಾಡಿದಾಗ ಬೌಶ್ ಅಂಡ್ ಲಾಂಬ್ ಕಂಪನಿಯ ‘ರೀನ್ಯೂ ವಿತ್ ಮಾಯಿಶ್ಚರ್‌ಲಾಕ್’ ಎಂಬ ದ್ರಾವಣದೊಂದಿಗೆ ನಂಟು ಕಂಡಿತು. ಆ ವರ್ಷದ ಮೇ ತಿಂಗಳಲ್ಲಿ ಕಂಪನಿ ಅದನ್ನು ಇಡೀ ಜಗತ್ತಿನ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಕುತೂಹಲದ ಸಂಗತಿಯೆಂದರೆ ಕಾರ್ಖಾನೆಯಲ್ಲಾಗಲಿ, ತೆರೆಯದ ಬಾಟಲಿಗಳಲ್ಲಾಗಲಿ ಆ ಶಿಲೀಂಧ್ರ ಸಿಗಲಿಲ್ಲ. ಹೊರಗಿನ ಪರಿಸರದಿಂದ ಬಂದ ಶಿಲೀಂಧ್ರವನ್ನು ತಡೆಯಲು ಆ ದ್ರಾವಣಕ್ಕೆ ಆಗಿರಲಿಲ್ಲ. ಹೊಸ ಬಾಟಲಿಯ ಕಥೆಯೇ ಹೀಗಾದರೆ ತೆರೆದು ಎಂಟು ತಿಂಗಳಾದ ಬಾಟಲಿಯನ್ನು ನಂಬುವುದು ಹೇಗೆ?

ಕೇಸಿನಲ್ಲಿ ನಿನ್ನೆಯ ದ್ರಾವಣ ಅರ್ಧ ಇದೆಯೆಂದು ಅದಕ್ಕೇ ಒಂದಿಷ್ಟು ಹೊಸದನ್ನು ಸೇರಿಸುವ ಉಳಿತಾಯ ಬೇಡ. ಪೂರ್ತಿ ಚೆಲ್ಲಿ, ಕೇಸನ್ನು ಹೊಸ ದ್ರಾವಣದಿಂದಲೇ ತೊಳೆದು, ಒರೆಸಿ, ಬಾಯಿ ಕೆಳಗೆ ಮಾಡಿ ಒಣಗಲು ಬಿಡಿ. ಮೂರು ತಿಂಗಳಿಗೊಮ್ಮೆ ಕೇಸನ್ನೇ ಬದಲಿಸಿ. ಸಲೈನ್ ಎಂದು ಮಾತ್ರ ಬರೆದಿರುವ ಬಾಟಲಿಯಲ್ಲಿ ಕ್ರಿಮಿ ಕೊಲ್ಲುವ ಗುಣ ಇಲ್ಲ, ಅದು ಜಾಲಿಸಲು ಅಷ್ಟೇ.

ನಲ್ಲಿ ನೀರಂತೂ ಬೇಡವೇ ಬೇಡ. ಅಕಾಂತಮೀಬಾ ಎಂಬ ಏಕಕೋಶ ಜೀವಿ ನಲ್ಲಿ ನೀರಿನಲ್ಲಿ, ಅದರಲ್ಲೂ ತಾರಸಿಯ ಟ್ಯಾಂಕಿನಲ್ಲಿ ನಿಂತ ನೀರಿನಲ್ಲಿ ಇರಬಲ್ಲದು. ನಮ್ಮ ನಗರಗಳ ಅಪಾರ್ಟ್‌ಮೆಂಟುಗಳಲ್ಲಿ ನಲ್ಲಿಗೆ ಬರುವುದು ಹೆಚ್ಚಾಗಿ ಆ ಟ್ಯಾಂಕಿನ ನೀರೇ. ಕುಡಿದರೆ ಅದರಿಂದ ತೊಂದರೆಯಿಲ್ಲ. ಲೆನ್ಸ್‌ಗೆ ಅಂಟಿ ಕಾರ್ನಿಯಾ ಸೇರಿದರೆ ಗುಣಪಡಿಸಲು ತಿಂಗಳುಗಟ್ಟಲೆ ಬೇಕಾಗುತ್ತದೆ. ಪ್ರತಿಕೂಲ ಸ್ಥಿತಿಯಲ್ಲಿ ಅದು ಗಟ್ಟಿ ಕವಚದೊಳಗೆ ಮುದುಡಿ ಔಷಧಕ್ಕೆ ಬಗ್ಗದೆ ಕೂರುತ್ತದೆ. ಲೆನ್ಸ್ ಹಾಕಿಕೊಂಡೇ ಸ್ನಾನ ಮಾಡಬೇಡಿ, ಈಜಬೇಡಿ ಎನ್ನುವುದು ಇದಕ್ಕೇ.

ರಾತ್ರಿ ಲೆನ್ಸ್‌ನಲ್ಲೇ ಮಲಗುವುದೂ ಹಾಗೆಯೇ. ಅದರಿಂದ ಸೋಂಕಿನ ಸಾಧ್ಯತೆ ಆರರಿಂದ ಎಂಟು ಪಟ್ಟು ಹೆಚ್ಚುತ್ತದೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ತಾರೀಖು ನೋಡಿ ಹೊಸ ಡಬ್ಬಿ ಕೊಂಡು ರಾತ್ರಿ ಬಸ್ಸಿನಲ್ಲಿ ಅದನ್ನು ಹಾಕಿಕೊಂಡೇ ಊರಿಗೆ ಹೋದರೆ ಪ್ರಯೋಜನವಿಲ್ಲ.

ಈಗಾಗಲೇ ಹಾಕಿಕೊಂಡಿದ್ದರೆ

ಗಾಬರಿ ಬೇಡ. ಕೈ ಸೋಪಿನಲ್ಲಿ ತೊಳೆದು, ಒಣಗಿಸಿ, ಲೆನ್ಸ್ ತೆಗೆಯಿರಿ. ಕನ್ನಡಕ ಹಾಕಿಕೊಳ್ಳಿ. ಕಣ್ಣು ಬೆಳ್ಳಗೆ, ನೋವಿಲ್ಲದೆ, ದೃಷ್ಟಿ ಸ್ಪಷ್ಟವಾಗಿದ್ದರೆ ಒಂದೆರಡು ದಿನ ಲೆನ್ಸ್ ಇಲ್ಲದೆ ಗಮನಿಸಿ, ಆಮೇಲೆ ಹೊಸದನ್ನು ಬಳಸಬಹುದು.

ಕೆಂಪಾಗುವುದು, ನೋವು, ಬೆಳಕು ನೋಡಲಾಗದಿರುವುದು, ಮಂಜು ಕವಿದಂತೆ ಕಾಣುವುದು, ನೀರು ಅಥವಾ ಪಿಸುರು ಸುರಿಯುವುದು, ಕಪ್ಪು ಭಾಗದ ಮೇಲೆ ಬಿಳಿ ಚುಕ್ಕೆ ಕಾಣುವುದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಹೋಗಿ. ನಾಳೆ ಭಾನುವಾರ, ಸೋಮವಾರ ನೋಡೋಣ ಎನ್ನಬೇಡಿ. ಕನ್ನಡಕದ ಅಂಗಡಿಯಲ್ಲಿ ಸಾಲದು. ಹೈದರಾಬಾದ್‌ನ ಎಲ್.ವಿ. ಪ್ರಸಾದ್, ಚೆನ್ನೈನ ಶಂಕರ ನೇತ್ರಾಲಯ, ದೆಹಲಿಯ ಏಮ್ಸ್‌ನ ರಾಜೇಂದ್ರ ಪ್ರಸಾದ್ ಕೇಂದ್ರದಂಥ ಕಡೆ ಕಾರ್ನಿಯಾಕ್ಕೆಂದೇ ತಜ್ಞರಿದ್ದಾರೆ, ಆದರೆ ದೂರವಿದ್ದರೆ ಮೊದಲು ಹತ್ತಿರದ ಯಾವುದೇ ನೇತ್ರ ವೈದ್ಯರು ಸಾಕು. “ನಾನು ಲೆನ್ಸ್ ಹಾಕುತ್ತೇನೆ, ಅದರ ಡೇಟ್ ಮುಗಿದಿತ್ತು” ಎಂದು ನಾಚಿಕೆಯಿಲ್ಲದೆ ಹೇಳಿ. ತೆಗೆದ ಲೆನ್ಸ್, ಕೇಸ್, ದ್ರಾವಣದ ಬಾಟಲಿ ಎಸೆಯದೆ ಜೊತೆಗೆ ಒಯ್ಯಿರಿ. ಯಾವ ಕ್ರಿಮಿ ಎಂದು ಪತ್ತೆ ಹಚ್ಚಲು ಪ್ರಯೋಗಾಲಯದವರಿಗೆ ಅವು ಬೇಕಾಗಬಹುದು. ಕಣ್ಣಿಗೆ ಬಟ್ಟೆ ಕಟ್ಟಿ ಮುಚ್ಚಬೇಡಿ.

ಔಷಧದ ಅಂಗಡಿಯ ಕೌಂಟರ್‌ನ ಆಚೆ ನಿಂತು ಕೆಲಸ ಮಾಡಿದವಳಾಗಿ ಒಂದು ಮಾತನ್ನು ಇಲ್ಲಿ ಜೋರಾಗಿ ಹೇಳಬೇಕು. ಕಣ್ಣು ಕೆಂಪಾದ ತಕ್ಷಣ ಜನ ಮೊದಲು ಬರುವುದು ನಮ್ಮಲ್ಲಿಗೆ. “ಕಳೆದ ಸಲ ಕೊಟ್ಟ ಡ್ರಾಪ್ಸ್ ಕೊಡಿ, ಒಂದೇ ದಿನದಲ್ಲಿ ಕಡಿಮೆ ಆಗಿತ್ತು.” ಆ ಡ್ರಾಪ್ಸ್ ಅನೇಕ ಸಲ ಆಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಸೇರಿಸಿದ್ದಾಗಿರುತ್ತದೆ. ಸ್ಟೀರಾಯ್ಡ್ ಉರಿಯೂತವನ್ನು ತಗ್ಗಿಸುತ್ತದೆ. ಕೆಂಪು ಇಳಿಯುತ್ತದೆ, ನೋವು ಇಳಿಯುತ್ತದೆ, ಹಾಯೆನಿಸುತ್ತದೆ. ಶಿಲೀಂಧ್ರವೋ ಅಕಾಂತಮೀಬಾವೋ ಇದ್ದರೆ ಅದಕ್ಕೂ ಹಾಯೇ. ದೇಹದ ಕಾವಲುಗಾರರು ಮಲಗಿರುವಾಗ ಅದು ಒಳಗೆ ಹರಡುತ್ತದೆ. ವಾರದ ನಂತರ ಮತ್ತೆ ಕೆಂಪಾದಾಗ ಹುಣ್ಣು ಆಳಕ್ಕೆ ಇಳಿದಿರುತ್ತದೆ. ಬಾಟಲಿಯ ಮೇಲಿನ ಹೆಸರುಗಳಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಲೋಟೆಪ್ರೆಡ್ನಾಲ್, ಫ್ಲೋರೋಮೆಥೋಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ವೈದ್ಯರು ಕಣ್ಣನ್ನು ಪರೀಕ್ಷಿಸಿ ಬರೆದುಕೊಟ್ಟರೆ ಮಾತ್ರ ಅದು ಔಷಧ. ಲೆನ್ಸ್ ಹಾಕುವವರ ಕೆಂಪು ಕಣ್ಣಿಗೆ ಚೀಟಿ ಇಲ್ಲದೆ ಇಂಥದ್ದನ್ನು ಯಾರು ಕೊಟ್ಟರೂ, ನನ್ನಂಥ ಫಾರ್ಮಸಿಸ್ಟ್ ಕೊಟ್ಟರೂ, ತೆಗೆದುಕೊಳ್ಳಬೇಡಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಎಂಬ ಅಂಜಿಕೆ ಬೇಡ. ಹಳದಿ ಬಣ್ಣದ ಹನಿ ಹಾಕಿ, ನೀಲಿ ಬೆಳಕಿನಲ್ಲಿ ಯಂತ್ರದ ಮೂಲಕ ನೋಡುತ್ತಾರೆ. ಗೀರು, ಹುಣ್ಣು ಇದ್ದಲ್ಲಿ ಹಸಿರಾಗಿ ಹೊಳೆಯುತ್ತದೆ. ಅಗತ್ಯವಿದ್ದರೆ ಕಣ್ಣು ಮರಗಟ್ಟಿಸುವ ಹನಿ ಹಾಕಿ ಹುಣ್ಣಿನ ಅಂಚಿನಿಂದ ಚೂರು ಕೆರೆದು ಪರೀಕ್ಷೆಗೆ ಕಳಿಸುತ್ತಾರೆ. ಸೋಂಕು ತೀವ್ರವಾಗಿದ್ದರೆ ಮೊದಲ ಒಂದೆರಡು ದಿನ ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಹನಿ ಹಾಕಬೇಕಾಗಬಹುದು. ಊರು ಬಿಟ್ಟು ಒಬ್ಬರೇ ಇರುವವರು ಆ ರಾತ್ರಿಗಳಿಗೆ ಗೆಳೆಯರನ್ನೋ ಅಕ್ಕಪಕ್ಕದವರನ್ನೋ ಕರೆದುಕೊಳ್ಳಿ, ಅಲಾರಂ ಒಂದನ್ನೇ ನಂಬಬೇಡಿ.

ನನ್ನ ತಂಗಿ ಅಂದು ಕನ್ನಡಕದಲ್ಲೇ ನಿಶ್ಚಿತಾರ್ಥಕ್ಕೆ ಹೋದಳು. ಮುಂದಿನ ವಾರ ಕಣ್ಣು ತೋರಿಸಿದಾಗ ಎಡಗಣ್ಣಿನ ನಂಬರ್ 0.75 ಹೆಚ್ಚಾಗಿತ್ತಂತೆ. ಆ ಹಳೆಯ ಮೂರು ಬಟ್ಟಲುಗಳನ್ನು ನಾನು ಹೇಳಿದಂತೆ ಫಾಯಿಲ್ ಕತ್ತರಿಸಿ ಕಸಕ್ಕೆ ಹಾಕಿದಳು. ಹಾಗೆಯೇ ಎಸೆದರೆ ಇನ್ನಾರೋ ಎತ್ತಿಕೊಂಡಾರು. ಸಿಂಕಿಗೋ ಕಮೋಡಿಗೋ ಹಾಕಬೇಡಿ, ಅವು ಕರಗುವುದಿಲ್ಲ.